ಬಕೀಟಿನಲ್ಲಿ ತೊಳೆದ ಮುಖ

ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಅರ್ಧ ಗಂಟೆ. ನಮ್ಮ ಯಜಮಾನರಿಗೆ ಮಾತ್ರ ಅದು ಕಾಶಿಯಾತ್ರೆ. ಮದುವೆಯಾಗಿ ಐದು ತಿಂಗಳು. ಕಾರ್ಖಾನೆಯವರು ಮನೆ ಕೊಡುವತನಕ ಅವರು ಹರಿಹರದಲ್ಲಿ, ನಾನು ಇಲ್ಲಿ ದಾವಣಗೆರೆಯ ಒಂದು ಕೋಣೆಯಲ್ಲಿ. ಮೂರು ಭಾನುವಾರಗಳಿಂದ ಬಂದಿಲ್ಲ. ಒಬ್ಬಳಿಗೆಂದು ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಅನ್ನ ಮಿಗುತ್ತದೆ. (ಇಂಟರ್‌ಮೀಡಿಯೆಟ್ ಗಣಿತದಲ್ಲಿ ಇದಕ್ಕೆ ಸೂತ್ರವಿಲ್ಲ.)

ಒಂದು ಫೋಟೋ ಕಳಿಸಿ ಅವರನ್ನು ಎಳೆತರಲು ನಿಶ್ಚಯಿಸಿದೆ. ಪಕ್ಕದ ಮನೆಯ ಕೊಟ್ರವ್ವನನ್ನು ಕರೆದುಕೊಂಡು ಹೋಗಿ, ತಾಲೂಕು ಕಚೇರಿ ಗೋಡೆಯ ಬಳಿ ಮೂರು ಕಾಲಿನ ಕ್ಯಾಮೆರಾ ಪೆಟ್ಟಿಗೆ ನಿಲ್ಲಿಸಿಕೊಂಡಿದ್ದ ಕುತುಬುದ್ದೀನ್ ಸಾಹೇಬರ ಮುಂದೆ ಕುಳಿತೆ.

"ಅಲ್ಲಾಡಬ್ಯಾಡ್ರಿ ತಂಗೀ, ಉಸ್ರು ಹಿಡೀರಿ."

"ಎಷ್ಟೊತ್ತು ಹಿಡೀಬೇಕ್ರಿ? ಹುಡುಗಿ ಬದುಕಬ್ಯಾಡೇನು?" ಕೊಟ್ರವ್ವ ರೇಗಿದಳು.

ಸಾಹೇಬರು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು, ಮೂರು ಎಣಿಸಿ ಮುಚ್ಚಿದರು. ಪೆಟ್ಟಿಗೆಗೆ ಹೊಲಿದ ಕರಿಬಟ್ಟೆಯ ತೋಳಿನೊಳಗೆ ಕೈ ತೂರಿಸಿ, ಒಳಗಿದ್ದ ಎರಡು ಬಟ್ಟಲು ಔಷಧಿಯಲ್ಲಿ ಫೋಟೋ ಕಾಗದವನ್ನು ಅದ್ದಿ, ಹೊರತೆಗೆದು ಬಕೀಟಿನ ನೀರಲ್ಲಿ ಜಾಲಾಡಿದರು.

"ಅಯ್ಯಯ್ಯೋ! ನಮ್ಮ ಹುಡುಗೀನ ಸುಟ್ಟ ಬದನೆಕಾಯಿ ಮಾಡೀರಲ್ರೀ!"

"ಇದು ನೆಗೆಟಿವ್ ಐತಮ್ಮಾ. ಕರೇದು ಬೆಳ್ಳಗೆ, ಬೆಳ್ಳಗಿರೋದು ಕರ್ರಗೆ. ಇದ್ರದ್ದೇ ಇನ್ನೊಂದು ಫೋಟೋ ತೆಗದ್ರೆ ಸರಿಹೋಗ್ತೈತೆ. ಸಬರ್ ಮಾಡ್ರಿ, ಸ್ವಲ್ಪ ತಡೀರಿ."

ಎರಡನೆಯ ಕಾಗದದಲ್ಲಿ ನಾನು ನಾನೇ ಆಗಿ ಹೊರಬಂದೆ. ಕೊಟ್ರವ್ವ ಬಿಡಲಿಲ್ಲ.

"ಆ ಕರೇದೂ ಇತ್ಲಾಗ ಕೊಡ್ರಿ. ಹೆಣ್ಮಕ್ಕಳ ಮುಖ ನಿಮ್ಮ ಪೆಟ್ಟಿಗ್ಯಾಗ ಯಾಕ?"

ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಬುದ್ಧಿಗೆ ಮಹಾಪ್ರಕಾಶವಾಯಿತು. ಚೆಂದದ್ದನ್ನು ಕಳಿಸಿದರೆ ಅದನ್ನೇ ನೋಡಿಕೊಂಡು ಅಲ್ಲೇ ಇದ್ದುಬಿಡುತ್ತಾರೆ. ಚೆಂದದ್ದು ನನ್ನ ಬಳಿಯೇ ಇರಲಿ! ನೆಗೆಟಿವ್ ಅನ್ನು ಲಕೋಟೆಗೆ ಹಾಕಿ, ಒಂದೇ ಸಾಲು ಬರೆದೆ: "ಇವರು ಯಾರೆಂದು ತಿಳಿಯಬೇಕಾದರೆ ಭಾನುವಾರ ಬನ್ನಿ."

ಶನಿವಾರ ಉತ್ತರ ಬಂತು.

"ಚಿ. ಸೌ.ಗೆ ಆಶೀರ್ವಾದಗಳು. ಫೋಟೋ ತಲುಪಿತು. ಬೆಳ್ಳಿಯಂಥ ಕೂದಲು, ಬಿಸಿಲುಂಡ ಮುಖ, ಹಣೆಗೆ ವಿಭೂತಿ." (ಸಾಹೇಬರ ಕಾಗದಕ್ಕೆ ಕೆಂಪೂ ಕಪ್ಪೇ, ನೆಗೆಟಿವ್‌ನಲ್ಲಿ ನನ್ನ ಕುಂಕುಮ ಬೆಳ್ಳಗಾಗಿತ್ತು.) "ಮೂಗು ನೋಡಿದ ಕೂಡಲೇ ನಿನ್ನ ಅಜ್ಜಿಯೆಂದು ತಿಳಿಯಿತು. ನೀನು ಒಬ್ಬಳೇ ಇರುವೆಯಲ್ಲ ಎಂದು ಮನಸ್ಸು ತಡೆಯದೆ, ಎಂಟು ದಿನ ರಜೆ ಬರೆದುಕೊಟ್ಟಿದ್ದೆ. ಹಿರಿಯರು ಜೊತೆಗೆ ಬಂದಿರುವುದರಿಂದ ಚಿಂತೆ ತಪ್ಪಿತು. ರಜೆ ವಾಪಸು ಪಡೆದೆ. ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸು."

ಕನ್ನಡಿಯ ಮುಂದೆ ನಿಂತು ತಿಳಿಸಿದೆ.