ಹಾಳೆಗೆ ಬಿದ್ದ ಕೆಂಪು ಹನಿ

ಆ ಶನಿವಾರ ಬೆಳಿಗ್ಗೆ ಹರಿಣಾಕ್ಷಿ ಟೀಚರ ಹಳೆಯ ಕಾರಿನ ಸ್ಟಿಯರಿಂಗು ಅರೆಯುವ ಕಲ್ಲಿನಷ್ಟು ಭಾರವಾಗಿತ್ತು. ಬಗ್ಗಿ ನೋಡಿದರೆ ನೆಲದಲ್ಲಿ ಕೆಂಪು ಎಣ್ಣೆ.

ಮಧ್ಯಾಹ್ನ ಗಂಡ ಪ್ರವೀತ್ ದುಬೈಯಿಂದ ರಜೆಗೆ ಬರುವವನಿದ್ದ. "ಇನ್ನೊಮ್ಮೆ ಕೆಟ್ಟರೆ ಅದು ಗುಜರಿಗೇ" ಎಂದು ಫೋನಿನಲ್ಲಿ ಮೊದಲೇ ಹೇಳಿಯಾಗಿತ್ತು. ಕಾರು ಹೋದರೆ ಹರಿಣಾಕ್ಷಿಗೆ ಕುಂಜತ್ತೂರಿನಿಂದ ಶಾಲೆಯವರೆಗೆ ಮತ್ತೆ ಬಸ್ಸಿನ ಮೆಟ್ಟಿಲೇ ಗತಿ.

ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

"ಇವತ್ತು ಬರ್ಲಿಕ್ಕೆ ಆಗುದಿಲ್ಲ ಟೀಚರೇ. ಕಾರಿನಡಿಗೆ ಒಂದು ಅಡಿಕೆ ಹಾಳೆ ಇಡಿ, ಸ್ಟಾರ್ಟ್ ಮಾಡಿ ಸ್ಟಿಯರಿಂಗ್ ಆಚೆ ಈಚೆ ತಿರ್ಗಿಸಿ. ಹನಿ ಬಿದ್ದಲ್ಲೇ ಮೇಲೆ ಲೀಕ್ ಉಂಟು."

ಹಾಗೆಯೇ ಮಾಡಿದಳು. ಇಂಜಿನ್ನು ನಡುಗಿದ ರಭಸಕ್ಕೆ ಆಯುಧಪೂಜೆಯಂದು ಬಂಪರಿಗೆ ಕಟ್ಟಿದ್ದ ಒಣ ಲಿಂಬೆಹಣ್ಣು ಕಳಚಿ ಹಾಳೆಗೇ ಉರುಳಿತು. ಇಂಜಿನ್ನು ನಿಲ್ಲಿಸಿ ಅವಳು ಟಾರ್ಚು ತರಲು ಒಳಗೆ ಹೋದದ್ದೇ ತಡ, ಪಕ್ಕದ ಮನೆಯ ಅಮ್ಮಣಿಯಕ್ಕ ಬಸಳೆ ಕೇಳಲು ಬಂದರು.

"ಅಯ್ಯೋ! ಹಾಳೆಯಲ್ಲಿ ಕುರ್ದಿ! ಲಿಂಬೆಹಣ್ಣು ಬೇರೆ! ಯಾರೋ ಮಾಟ ಮಾಡಿದ್ದಾರೆ!"

ಗುಳಿಗ ದೈವಕ್ಕೆ ಇಡುವ ಕುರ್ದಿಯ ಕೆಂಪು ನೀರಿನ ಹಾಗೆಯೇ ಇತ್ತು ಅದು. ಐದು ನಿಮಿಷದಲ್ಲಿ ಅಂಗಳ ತುಂಬ ಜನ.

"ಅಕ್ಕಾ, ಅದು ಕಾರಿನ ಎಣ್ಣೆ" ಎಂದಳು ಹರಿಣಾಕ್ಷಿ.

"ಎಣ್ಣೆ ಕೆಂಪುಂಟಾ ಮಾರಾಯ್ತಿ? ನಾನೆಂತ ಎಣ್ಣೆ ಕಾಣದವಳಾ? ಯಾರೂ ಮುಟ್ಬೇಡಿ! ಚೆನ್ನಪ್ಪಣ್ಣ ಬರ್ಲಿ."

ಗುಳಿಗನ ಕಟ್ಟೆಯ ಸೇವೆ ಮಾಡುವ ಚೆನ್ನಪ್ಪಣ್ಣ ಬರುವಾಗ ಹನ್ನೊಂದೂವರೆ. ಅಲ್ಲಿಯವರೆಗೆ ಹರಿಣಾಕ್ಷಿ ತನ್ನ ಕಾರಿನಿಂದ ಹತ್ತು ಮಾರು ದೂರ, ಹೊರಗೆ ನಿಲ್ಲಿಸಿದ ವಿದ್ಯಾರ್ಥಿನಿಯ ಹಾಗೆ ನಿಂತು ಗಡಿಯಾರ ನೋಡುತ್ತಿದ್ದಳು.

ಚೆನ್ನಪ್ಪಣ್ಣ ಬೆರಳದ್ದಿ ಮೂಸಿದರು. ಎಲ್ಲರೂ ಉಸಿರು ಹಿಡಿದರು.

"ಪವರ್ ಸ್ಟಿಯರಿಂಗಿನ ಎಣ್ಣೆ" ಎಂದರು. "ಹದಿನಾಲ್ಕು ವರ್ಷ ಮಸ್ಕತ್ತಿನ ಗ್ಯಾರೇಜಿನಲ್ಲಿ ಇದೇ ಮೂಸಿದ್ದು. ಸ್ಕ್ರೂಡ್ರೈವರ್ ಉಂಟಾ ಟೀಚರೇ?"

ಅಮ್ಮಣಿಯಕ್ಕನ ಮುಖ ನೀರು ಬಿದ್ದ ಹಪ್ಪಳವಾಯಿತು.

ಪೈಪಿನ ಕ್ಲಿಪ್ಪು ಸಡಿಲಾಗಿತ್ತು, ಅಷ್ಟೇ. ಅದನ್ನು ಬಿಗಿದು, ಜಂಕ್ಷನ್ನಿನಿಂದ ತರಿಸಿದ ಹೊಸ ಎಣ್ಣೆ ಹೊಯ್ದರು. ಹಾಳೆ ಒರೆಸಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಒಂದು ಹನಿಯೂ ಇಲ್ಲ. ಹರಿಣಾಕ್ಷಿಗೆ ಅಳುವಷ್ಟು ಸಂತೋಷ.

ಆಗಲೇ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಪ್ರವೀತ್ ಪೆಟ್ಟಿಗೆ ಇಳಿಸುವ ಮೊದಲೇ ಕಾರಿನ ಕೀಲಿಗೆ ಕೈ ಚಾಚಿದ. ಒಂದು ಸುತ್ತು ಹೋಗಿ ಬಂದವನ ಮುಖ ಅರಳಿತ್ತು.

"ಬೆಣ್ಣೆ ಮಾರಾಯ್ತಿ, ಬೆಣ್ಣೆ! ಇದನ್ನು ಯಾರು ಗುಜರಿಗೆ ಕೊಡ್ತಾರೆ?"

"ಕೊಡುದು ಬೇಡ ಅಲ್ಲವಾ?"

"ಸಾಧ್ಯವೇ ಇಲ್ಲ. ಈ ಎರಡು ತಿಂಗಳು ನನಗೆ ದಿನಾ ಬೇಕು. ನಿನಗೆ ಹೇಗೂ ಬಸ್ಸು ಉಂಟಲ್ಲ?"

ಕೀಲಿ ಅವನ ಜೇಬಿಗೆ ಇಳಿಯಿತು.

ಎಲ್ಲರೂ ಒಳಗೆ ಚಹಾ ಕುಡಿಯುತ್ತಿದ್ದಾಗ ಹರಿಣಾಕ್ಷಿ ಸದ್ದಿಲ್ಲದೆ ಅಂಗಳಕ್ಕಿಳಿದಳು. ಹಾಳೆಯನ್ನು ಮೆಲ್ಲನೆ ಕಾರಿನಡಿಗೆ ತಳ್ಳಿದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೇ ಒಂದು ಕೆಂಪು ಹನಿಗಾಗಿ ಗುಳಿಗನನ್ನು ಮನಸಾರೆ ಬೇಡಿಕೊಂಡಳು.