ಕಣ್ಣುಪಟ್ಟಿ ಕಟ್ಟಿಕೊಂಡು ಉಂಗುರ ಹುಡುಕಿದ್ದು

ತಾಮ್ರಗಾರರ ಗಲ್ಲಿಯವರಿಗೆ ನಮ್ಮ ಗಲ್ಲಿಯವರು ಒಂದು ದೊಡ್ಡ ತಟ್ಟೆ ಬಕ್ಲಾವ ಬಾಕಿ ಇದ್ದರು. ಹೋದ ರಮದಾನಿನ ಬಾಕಿ, ಇನ್ನೂ ತೀರಿರಲಿಲ್ಲ. ಮುಹೈಬಿಸ್ ಆಟದಲ್ಲಿ ಸೋತವರು ಗೆದ್ದವರಿಗೆ ಸಿಹಿ ತಿನ್ನಿಸಬೇಕು. ಬಾಗ್ದಾದಿನಲ್ಲಿ ಇದು ಸರ್ಕಾರದ ಕಾನೂನಿಗಿಂತ ಗಟ್ಟಿ ಕಾನೂನು, ಯಾಕೆಂದರೆ ಇದನ್ನು ಜನ ಪಾಲಿಸುತ್ತಾರೆ. ಪಾಲಿಸದವರು ನಾವೊಬ್ಬರೇ. ಅದಕ್ಕೆ ಕಾರಣ ನಮ್ಮ ತಂಡದ ನಾಯಕ ಅಬು ಸುಹಾ.

"ತಟ್ಟೆ ತಲೆ ಮೇಲೆ ಹೊತ್ಕೊಂಡು ಸೇತುವೆ ದಾಟಿ ಆ ಸಬ್ತಿ ಮುಂದೆ ನಿಲ್ಲೋ ಕೆಲಸ ನನ್ನಿಂದ ಆಗಲ್ಲ" ಎಂದು ಅವನು ಚಹಾದಂಗಡಿಯಲ್ಲಿ ಎಲ್ಲರೆದುರು ಘೋಷಿಸಿದ್ದ. "ಈ ಸಲ ಗೆದ್ದು ಆ ಲೆಕ್ಕ ಚುಕ್ತಾ ಮಾಡ್ತೀನಿ. ಸೋತರೆ ನಾಯಕತ್ವ ಬಿಟ್ಟು ಮೂಲೇಲಿ ಕೂರ್ತೀನಿ."

ಸಬ್ತಿ ಎಂದರೆ ಎದುರು ತಂಡದ ನಾಯಕ, ರೊಟ್ಟಿ ಒಲೆಯ ಮುಂದೆ ಬೆಂದು ಗಟ್ಟಿಯಾದ ಮನುಷ್ಯ. ಅಬು ಸುಹಾನೇನೂ ಕಡಿಮೆಯವನಲ್ಲ. ರೈಲ್ವೆ ಕಾರ್ಖಾನೆಯಲ್ಲಿ ಮುಷ್ಕರ ಮಾಡಿಸಿದವನು. ಸರ್ಕಾರದ ವಿರುದ್ಧ ಚೌಕದಲ್ಲಿ ಟೆಂಟು ಹೊಡೆದುಕೊಂಡು ಧರಣಿ ಕೂತು, ಮಾತುಕತೆಗೆ ಬಂದ ಅಧಿಕಾರಿಯ ಮುಖ ನೋಡಿ "ಇವನ ಜೇಬಲ್ಲಿ ಖಾಲಿ ಕಾಗದ ಇದೆ" ಎಂದು ಹೇಳಿದವನು. ಇತ್ತು ಕೂಡ. ಅಂಥವನು ಹೋದ ವರ್ಷ ಕೊನೆಯ ಸುತ್ತಿನಲ್ಲಿ ತಪ್ಪು ಮುಷ್ಟಿ ತೋರಿಸಿ ಸೋತ. ಅಂದಿನಿಂದ ಅವನಿಗೆ ಅನ್ನ ಒಳಗೆ ಹೋಗುತ್ತಿತ್ತು, ರುಚಿ ಮಾತ್ರ ಹೊರಗೇ ಉಳಿಯುತ್ತಿತ್ತು.

ಆಟ ಇಷ್ಟೇ. ಒಂದು ತಂಡದವರು ಸಾಲಾಗಿ ನೆಲದ ಮೇಲೆ ಕೂರುತ್ತಾರೆ. ಅವರ ನಾಯಕ ಕಂಬಳಿಯ ಮರೆಯಲ್ಲಿ ಯಾರದೋ ಒಂದು ಮುಷ್ಟಿಗೆ ಉಂಗುರ ತುರುಕುತ್ತಾನೆ. ಬೇಕಾದರೆ ತಾನೇ ಇಟ್ಟುಕೊಳ್ಳಬಹುದು. ಆಮೇಲೆ ಎದುರು ತಂಡದ ನಾಯಕ ಬಂದು ಒಬ್ಬೊಬ್ಬರ ಮುಖ ಓದುತ್ತಾನೆ. ಬೆವರು, ಉಗುಳು ನುಂಗುವುದು, ಕಣ್ಣು ತಪ್ಪಿಸುವುದು, ಎಲ್ಲವೂ ಅವನಿಗೆ ಅಕ್ಷರ. ಉಂಗುರವಿಲ್ಲ ಅನ್ನಿಸಿದ ಕೈಗಳನ್ನು ತೆರೆಸುತ್ತಾ ಹೋಗಿ, ಇದೆ ಅನ್ನಿಸಿದ ಮುಷ್ಟಿಯ ಮುಂದೆ ನಿಂತು "ಬಾತ್" ಎನ್ನುತ್ತಾನೆ, ಉಂಗುರ ಇಲ್ಲೇ ಎಂಬ ಕೊನೆಯ ಮಾತು ಅದು. ಅಲ್ಲಿಗೆ ಹಣೆಬರಹ ತೀರ್ಮಾನ.

ಈ ಆಟವನ್ನು ಅಬು ಸುಹಾನ ಮಗಳು ಸುಹಾ ಮತ್ತವಳ ಗೆಳತಿಯರು ವಿಆರ್ ಆಟವನ್ನಾಗಿ ಮಾಡಿದ್ದರು. ಕಣ್ಣಿಗೆ ಒಂದು ಪೆಟ್ಟಿಗೆ ಕಟ್ಟಿಕೊಂಡರೆ ಸಾಕು, ಅಂಗಳ, ಚಾಪೆ, ಸಾಲಾಗಿ ಕೂತ ಗೊಂಬೆಮನುಷ್ಯರು, ಎಲ್ಲ ಕಣ್ಮುಂದೆ. ಒಂದೊಂದು ಗೊಂಬೆಯ ಹಿಂದೆ ಎಲ್ಲೋ ಕೂತು ಆಡುವ ಒಬ್ಬ ನಿಜವಾದ ಮನುಷ್ಯ.

ಅಬು ಸುಹಾ ಮೊದಲು ಅದನ್ನು ಕುದುರೆಗೆ ಕಟ್ಟುವ ಕಣ್ಣುಪಟ್ಟಿ ಎಂದು ಕರೆದ. "ಮುಹೈಬಿಸ್ ಅಂದ್ರೆ ಮೊಣಕಾಲಿಗೆ ಮೊಣಕಾಲು ತಾಗಬೇಕು, ಪಕ್ಕದವನ ಈರುಳ್ಳಿ ವಾಸನೆ ಮೂಗಿಗೆ ಹೊಡೀಬೇಕು. ಇದೇನಿದು, ಒಂಟಿಯಾಗಿ ಕೂತು ಜಾತ್ರೆ ಮಾಡೋದು?"

"ಊರು ಬಿಟ್ಟು ಹೋದೋರು ಎಷ್ಟು ಜನ ಇದಾರೆ ಬಾಬಾ. ಅವರ ಮೊಣಕಾಲು ಎಲ್ಲಿಂದ ತರೋದು?" ಎಂದಳು ಸುಹಾ.

"ಸರಿ. ಮುಖ ಎಲ್ಲಿಂದ ತರ್ತೀ? ಪೆಟ್ಟಿಗೆ ಮುಖಾನೇ ಮುಚ್ಚಿಬಿಡುತ್ತಲ್ಲ."

"ಅದೇ ತಲೆನೋವಾಗಿತ್ತು. ಮುಖ ಕಾಣದಿದ್ರೆ ಇದು ಆಟ ಅಲ್ಲ, ಲಾಟರಿ. ಅದಕ್ಕೇ ನಾವೇ ಒಂದು ಸುಳಿವು ಹಾಕಿದೀವಿ. ಉಂಗುರ ಇರೋ ಗೊಂಬೆ ಮುಖದಲ್ಲಿ ಒಂದು ಕಡೆ ಏನೋ ಸಣ್ಣದಾಗಿ ಅಲುಗುತ್ತೆ. ಕಂಡುಹಿಡಿ ನೋಡೋಣ."

ಕಂಡುಹಿಡಿ ಎಂದು ಸವಾಲು ಹಾಕಿದರೆ ಅಬು ಸುಹಾ ಸುಮ್ಮನಿರುವ ಪ್ರಾಣಿಯಲ್ಲ. ಕಣ್ಣುಪಟ್ಟಿ ಕಟ್ಟಿಕೊಂಡ. ಎರಡು ದಿನ ಏನೂ ಕಾಣಲಿಲ್ಲ. ಮೂರನೆಯ ದಿನ ಕಂಡಿತು. ಉಂಗುರ ಇಟ್ಟುಕೊಂಡ ಗೊಂಬೆಯ ಮೂಗಿನ ಎಡ ಹೊಳ್ಳೆ, ಬಿಸಿ ರೊಟ್ಟಿ ಉಬ್ಬಿದ ಹಾಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು.

ಅಲ್ಲಿಂದ ಅವನನ್ನು ಹಿಡಿಯುವವರೇ ಇಲ್ಲ. ನೋಡು, ಹೊಳ್ಳೆ, ಬಾತ್. ನೋಡು, ಹೊಳ್ಳೆ, ಬಾತ್. ಆಟದ ಪಟ್ಟಿಯಲ್ಲಿ ಅವನ ಹೆಸರು ಏಣಿ ಹತ್ತಿ ಛಾವಣಿಗೆ ಹೋಗಿ ಕೂತಿತು. ಅಡುಗೆಮನೆಯ ತನಕ ಕೇಳುವಂತೆ ನಗುತ್ತಿದ್ದ.

"ಯಾವ ಕತ್ತೆ ಮೂಗು ನೋಡಿ ಇದನ್ನ ಮಾಡಿದ್ಯೇ ಸುಹಾ? ಇಷ್ಟು ದಡ್ಡ ಮೂಗು ನಾನು ಜನ್ಮದಲ್ಲಿ ಕಂಡಿಲ್ಲ. ಇಂಥ ಮೂಗು ಇಟ್ಕೊಂಡೋನು ಮನೆಯಿಂದ ಆಚೆ ಬರಬಾರದು."

ಸುಹಾ ಏನೋ ಹೇಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿದಳು. ಉಮ್ ಸುಹಾ ಬೆಂಡೆಕಾಯಿ ಹೆಚ್ಚುವುದರಲ್ಲೇ ಮುಳುಗಿದ್ದಳು. ಹಾಗೆ ಮುಳುಗಿದ್ದಾಳೆ ಎಂದರೆ ನಗು ತಡೆಯುತ್ತಿದ್ದಾಳೆ ಎಂದು ಅರ್ಥ. ಅಬು ಸುಹಾ ಪೆಟ್ಟಿಗೆಯೊಳಗಿದ್ದ, ಅವನಿಗೆ ಕಾಣಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಊಟವಾದ ಮೇಲೆ, ಅವನ ಅತ್ತೆ ಹಜ್ಜಿಯಾ ದಿನದಂತೆ ಕೋಣೆಗೆ ಬಂದು ತನ್ನ ಮೂಲೆಯ ದಿಂಬಿಗೆ ಒರಗಿದರು. ಅಳಿಯ ಕಣ್ಣುಪಟ್ಟಿಯೊಳಗೆ ಮಹಾಯುದ್ಧದಲ್ಲಿದ್ದ. ಕೈಗೆ ಏನೂ ಹಿಡಿಯಬೇಕಿಲ್ಲ, ಬರಿಗೈಯನ್ನೇ ಗುರುತಿಸುವ ಯಂತ್ರ. ಸಾಲಿನ ಕೊನೆಯ ಗೊಂಬೆಯ ಹೊಳ್ಳೆ ಉಬ್ಬಿದ್ದು ಕಂಡ. ಬಗ್ಗಿ, ಕೈ ಚಾಚಿ, ಅದರ ಮುಷ್ಟಿ ಹಿಡಿದ. ಮುಷ್ಟಿ ಬೆಚ್ಚಗಿತ್ತು.

"ಅಯ್ಯೋ ಸುಹಾ," ಎಂದು ಅವನು ಬೆರಗಿನಿಂದ ಕೂಗಿದ, "ಎಂಥ ಯಂತ್ರ ಮಾಡಿದ್ಯೇ. ಮೂಳೆ ಕೂಡ ಸಿಗ್ತಿದೆ. ನಡುಗ್ತಾನೂ ಇದೆ."

"ಬಿಡೋ," ಎಂದಿತು ಮುಷ್ಟಿ.

"ಬಿಡ್ತೀನಾ? ಬಾತ್. ತೆಗಿ ಬೆರಳು."

ಮುಷ್ಟಿ ಬಿಗಿದುಕೊಂಡಿತು. ಅವನು ಒಂದೊಂದೇ ಬೆರಳು ಬಿಡಿಸಿದ. ಒಳಗೆ ಗಟ್ಟಿಯಾದದ್ದೇನೋ ಕೈಗೆ ತಾಗಿತು. ಗೆಲುವಿನ ಕೂಗು ಹಾಕಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದ. ಆಗ ಹಜ್ಜಿಯಾ ಬಾಯಿ ಬಿಟ್ಟರು. ಹಲ್ಲಿಲ್ಲದ ಬಾಯಿ, ಆದರೂ ಬೈಗುಳಕ್ಕೆ ಹಲ್ಲು ಬೇಕಿಲ್ಲ. ಅವನ ಅಪ್ಪನಿಂದ ಶುರುವಾಗಿ, ಮುತ್ತಜ್ಜನ ಎಮ್ಮೆಯವರೆಗೆ ಒಬ್ಬರನ್ನೂ ಬಿಡಲಿಲ್ಲ.

ಅಬು ಸುಹಾ ಕಣ್ಣುಪಟ್ಟಿ ಕಿತ್ತು ನೋಡಿದ. ಅವನ ಕೈಯಲ್ಲಿ ಅತ್ತೆಯ ಹಲ್ಲುಸೆಟ್ಟು ಇತ್ತು. ತೊಳೆದು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದದ್ದು.

"ನಿನ್ನ ಅಮ್ಮನ ಹತ್ರ ಕ್ಷಮೆ ಕೇಳ್ತೀನಿ," ಎಂದ ಹೆಂಡತಿಗೆ, ತೊದಲುತ್ತಾ.

"ಮೊದಲು ಹಲ್ಲು ಕೊಡು. ಹಲ್ಲಿಲ್ಲದೆ ಅವಳು ಕ್ಷಮಿಸಿದ್ರೂ ನಿನಗೆ ಅರ್ಥವಾಗಲ್ಲ," ಎಂದಳು ಉಮ್ ಸುಹಾ.

ಪೆಟ್ಟಿಗೆಯ ಮೈಕು ತೆರೆದೇ ಇತ್ತು. ಆಟದೊಳಗಿದ್ದವರೆಲ್ಲ ಹಜ್ಜಿಯಾರ ಬೈಗುಳವನ್ನು ಕೊನೆಯ ಎಮ್ಮೆಯವರೆಗೂ ಕೇಳಿಸಿಕೊಂಡರು. ದೂರದ ಚಳಿದೇಶದಲ್ಲಿ ಕೂತ ಇಬ್ಬರು "ಇನ್ನೊಂದ್ಸಲ ಬೈಯಿರಿ ಅಮ್ಮಾ" ಎಂದು ಬೇಡಿಕೊಂಡರಂತೆ. ಒಬ್ಬ ಊರು ನೆನಪಾಗಿ ಅತ್ತೇಬಿಟ್ಟನಂತೆ. ಸುಹಾಳ ಆಟ ಅಷ್ಟು ಜನಪ್ರಿಯವಾದದ್ದು ಆ ದಿನದಿಂದ. ಒಂದು ವಾರದಲ್ಲಿ ಬಾಗ್ದಾದಿನ ನದಿಯ ಎರಡೂ ದಡದ ಮನೆಗಳಲ್ಲಿ ಜನ ಕಣ್ಣುಪಟ್ಟಿ ಕಟ್ಟಿಕೊಂಡು ಕೂತರು. ಒಂದು ರೊಟ್ಟಿ ಅಂಗಡಿಯ ಹಿಂದಿನ ಮನೆಯಲ್ಲೂ.

ರಮದಾನ್ ಬಂತು. ಉಪವಾಸ ಬಿಟ್ಟ ಮೇಲೆ ಸೇತುವೆ ಪಕ್ಕದ ಬಯಲಿನಲ್ಲಿ ಚಾಪೆ ಹಾಸಿ ಪಂದ್ಯ. ಎರಡೂ ಗಲ್ಲಿಯ ಜನ ಮುರಿದುಕೊಂಡು ಬಿದ್ದಿದ್ದರು. ಸುಹಾ ಹೆಂಗಸರ ಕಡೆ ನಿಂತು ಮೊಬೈಲು ಎತ್ತಿ ಹಿಡಿದಿದ್ದಳು.

ಅಬು ಸುಹಾ ಮೊದಲು ಹುಡುಕುವ ಸರದಿಗೆ ಇಳಿದ. ಹಿಂದಿನ ವರ್ಷಗಳಲ್ಲಿ ಅವನು ಮನುಷ್ಯನ ಇಡೀ ಮೈ ಓದುತ್ತಿದ್ದ. ಕಾಲ್ಬೆರಳು ಮಡಚುವುದನ್ನೂ ಬಿಡುತ್ತಿರಲಿಲ್ಲ. ಈ ಸಲ ಎದುರು ಸಾಲಿನ ಮುಂದೆ ಬಗ್ಗಿ ಬಗ್ಗಿ ಬರೀ ಮೂಗು ನೋಡುತ್ತಾ ಹೋದ. ಉಪ್ಪಿನಕಾಯಿ ಮಾರುವವನೊಬ್ಬ ಬೆವರಿನಲ್ಲಿ ತೊಯ್ದು, ಕಣ್ಣು ಪಿಳಿಪಿಳಿ ಬಿಡುತ್ತಾ, ಮುಷ್ಟಿಯನ್ನು ತೊಡೆಗೆ ಒತ್ತಿ ಹಿಡಿದು ಕೂತಿದ್ದ. ಕುರುಡನಿಗೂ ಗೊತ್ತಾಗುತ್ತಿತ್ತು. ಅಬು ಸುಹಾ ಅವನ ಮೂಗು ನೋಡಿದ, ಹೊಳ್ಳೆ ಅಲುಗಲಿಲ್ಲ, ಮುಂದೆ ಹೋದ. ಮೂಲೆಯಲ್ಲಿ ಕೂತ ಒಬ್ಬ ತೆಳ್ಳನೆಯವನ ಎಡ ಹೊಳ್ಳೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

"ಬಾತ್," ಎಂದು ಅಬು ಸುಹಾ ಗುಡುಗಿದ.

ತೆಳ್ಳನೆಯವನು ಖಾಲಿ ಕೈ ತೆರೆದ. ಆಮೇಲೆ ಅದೇ ಕೈ ಅಡ್ಡ ಹಿಡಿದು ಜೋರಾಗಿ ಸೀನಿದ. ಪಾಪ, ನೆಗಡಿ.

ಸರದಿ ಬದಲಾಯಿತು. ಈಗ ಬಚ್ಚಿಡಬೇಕು. ಸಬ್ತಿ ಹುಡುಕಿ ಹಿಡಿದರೆ ಪಂದ್ಯವೇ ಮುಗಿಯಿತು, ನಾಯಕತ್ವವೂ. ಅಬು ಸುಹಾ ಕಂಬಳಿಯೊಳಗೆ ಒಬ್ಬೊಬ್ಬರನ್ನೂ ಮುಟ್ಟಿ ನೋಡಿದ. ಯಾರನ್ನೂ ನಂಬುವ ಹಾಗಿರಲಿಲ್ಲ.

"ನೀನೇ ಇಟ್ಕೊಂಡುಬಿಡು," ಎಂದು ಕ್ಷೌರಿಕ ಮುತ್ಲಕ್ ಪಿಸುಗುಟ್ಟಿದ.

"ಅದೇ ಸರಿ. ಅಶ್ರುವಾಯು ಹೊಡೆದಾಗ್ಲೂ ಅಲುಗದ ಮುಖ ಇದು," ಎಂದು ಅಬು ಸುಹಾ ಉಂಗುರವನ್ನು ತನ್ನ ಬಲಗೈಯಲ್ಲಿ ಮುಚ್ಚಿಕೊಂಡ. ಸಾಲಿನ ನಡುವೆ ಕೂತ. ಮುಖವನ್ನು ಕಲ್ಲು ಮಾಡಿಕೊಂಡ. ಅದು ಕಲ್ಲೇ ಆಗಿದೆ ಎಂದು ಅವನಿಗೆ ಪೂರ್ಣ ನಂಬಿಕೆ ಇತ್ತು. ಕಣ್ಣುಪಟ್ಟಿಯೊಳಗೂ ಅಷ್ಟೇ, ಹೊರಗೂ ಅಷ್ಟೇ, ಎಲ್ಲರ ಮುಖ ಕಾಣುತ್ತದೆ, ತನ್ನದೊಂದು ಬಿಟ್ಟು.

ಸಬ್ತಿ ಬಂದ. ಒಮ್ಮೆ ಸಾಲಿನ ಮೇಲೆ ಕಣ್ಣು ಹಾಯಿಸಿದ. ಅಬು ಸುಹಾನ ಮುಂದೆ ಕಾಲು ನಿಂತಿತು. ಬಗ್ಗಿದ. ಅವನ ಗಡ್ಡದೊಳಗೆ ಒಂದು ನಗು ಹುಟ್ಟಿ ಕಿವಿಯವರೆಗೆ ಹೋಯಿತು. ಒಂದೇ ಒಂದು ಕೈಯನ್ನೂ ತೆರೆಸಲಿಲ್ಲ.

"ಎಡಗೈ ಬೇಡ ನನ್ ಕಣ್ಣೇ. ಬಲಗೈ ತೆಗಿ. ಬಾತ್."

ಅಬು ಸುಹಾ ಬೆರಳು ಬಿಡಿಸಿದ. ಉಂಗುರ ದೀಪದ ಬೆಳಕಿನಲ್ಲಿ ಹೊಳೆಯಿತು. ತಾಮ್ರಗಾರರ ಗಲ್ಲಿಯವರು ತಮಟೆ ಎತ್ತಿಕೊಂಡರು. ಬಕ್ಲಾವದ ಬಾಕಿ ಎರಡು ತಟ್ಟೆಯಾಯಿತು.

"ಹೇಗೆ ಗೊತ್ತಾಯ್ತು?" ಎಂದ ಅಬು ಸುಹಾ.

"ನನ್ನ ಸೊಸೆ ಆ ಕಣ್ಣಿಗೆ ಕಟ್ಟೋ ಆಟ ತಂದಿಟ್ಟಿದಾಳೆ. ಅದರಲ್ಲಿ ಕಳ್ಳರ ಎಡ ಹೊಳ್ಳೆ ಉಬ್ಬುತ್ತೆ. ತಿಂಗಳಿಂದ ನೋಡ್ತಿದೀನಿ, ಈ ಮೂಗನ್ನ ಎಲ್ಲೋ ಕಂಡಿದೀನಲ್ಲ ಅಂತ ಒದ್ದಾಡ್ತಿದ್ದೆ. ಇಲ್ಲಿ ಬಂದು ನಿನ್ನೆದುರು ಬಗ್ಗಿದೆ, ನೆನಪಾಯ್ತು. ಬಲಗೈ ನೋಡಿದಾಗ ಹೊಳ್ಳೆ ಇನ್ನೂ ಜೋರಾಗಿ ಉಬ್ಬಿತು."

ಅಬು ಸುಹಾ ಎದ್ದು ನೇರ ಮಗಳ ಹತ್ತಿರ ಹೋದ. "ಆ ಮೂಗು ಯಾರದು?"

"ನಿಂದೇ ಬಾಬಾ. ಹೋದ ವರ್ಷ ನೀನು ಉಂಗುರ ಬಚ್ಚಿಡೋ ಅಭ್ಯಾಸ ಮಾಡುವಾಗ ವಿಡಿಯೋ ತೆಗೆದಿದ್ನಲ್ಲ, ಅದನ್ನೇ ಎಲ್ಲಾ ಗೊಂಬೆಗೂ ಹಾಕಿದ್ವಿ. ಅಷ್ಟು ಸ್ಪಷ್ಟವಾಗಿ ಅಲುಗೋ ಮೂಗು ಬೇರೆ ಸಿಗಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಂದೆ. ಅಷ್ಟರಲ್ಲಿ ನೀನು ಅದನ್ನ ಕತ್ತೆ ಮೂಗು ಅಂದುಬಿಟ್ಟೆ. ಆಮೇಲೆ ಹೇಗೆ ಹೇಳ್ಲಿ?"

ಅಂದರೆ ಆದದ್ದಿಷ್ಟು. ನಮ್ಮ ಮಹಾನಾಯಕ ತಿಂಗಳಿಡೀ ಕತ್ತಲೆಪೆಟ್ಟಿಗೆಯೊಳಗೆ ಕೂತು ತನ್ನ ಮೂಗನ್ನು ತಾನೇ ಹಿಡಿದು, ತಾನೇ ಬೈದು, ತಾನೇ ಗೆದ್ದಿದ್ದ. ಅದು ಸಾಲದು ಎಂಬಂತೆ ಅದೇ ಮೂಗನ್ನು ಇಡೀ ಊರಿಗೆ ಪಾಠವಾಗಿ ಹಂಚಿದ್ದ.

ಮರುದಿನ ನಾಯಕತ್ವ ಕ್ಷೌರಿಕ ಮುತ್ಲಕ್‌ಗೆ ಹೋಯಿತು. ಅಬು ಸುಹಾನೇ ಚಹಾದಂಗಡಿಯಲ್ಲಿ ನಿಂತು ಹೇಳಿದ. "ರಾಜೀನಾಮೆ ಕೊಡಿ ಅಂತ ಚೌಕದಲ್ಲಿ ಗಂಟಲು ಹರ್ಕೊಂಡೋನು ನಾನು. ಈಗ ನಾನೇ ಕುರ್ಚಿಗೆ ಅಂಟ್ಕೊಂಡ್ರೆ ನನ್ನ ಮುಖಕ್ಕೆ ನಾನೇ ಉಗೀಬೇಕು. ಇನ್ಮೇಲೆ ಕಂಬಳಿ ಹಿಡಿಯೋ ಕೆಲಸ ನಂದು. ಅದಕ್ಕೆ ಮೂಗು ಬೇಕಾಗಲ್ಲ."

ನಗಲು ಯಾರಿಗೂ ಧೈರ್ಯ ಬರಲಿಲ್ಲ. ಅವನೇ ಮೊದಲು ನಕ್ಕ, ಆಮೇಲೆ ಅಂಗಡಿಯೇ ನಕ್ಕಿತು.

ಹೊಸ ನಾಯಕ ಮುತ್ಲಕ್ ತಂಡ ಕಟ್ಟಿಕೊಂಡು ಅಬು ಸುಹಾನ ಮನೆಗೆ ಬಂದ. "ಉಮ್ ಸುಹಾ, ನಮಗೂ ಆ ಆಟ ಕಲಿಸೋಕೆ ನಿಮ್ಮ ಮಗಳಿಗೆ ಹೇಳಿ. ನಮ್ಮ ಮುಖದಲ್ಲೂ ಏನೇನು ಅಲುಗುತ್ತೆ ಗೊತ್ತಾಗಬೇಕು."

"ಅದಕ್ಕೆ ಪೆಟ್ಟಿಗೆ ಯಾಕಪ್ಪಾ?" ಎಂದಳು ಉಮ್ ಸುಹಾ ಬಾಗಿಲಲ್ಲೇ. "ನಿಮ್ಮ ನಿಮ್ಮ ಮನೆಗೆ ಹೋಗಿ ಹೆಂಡತೀರ ಮುಂದೆ ಉಂಗುರ ಬಚ್ಚಿಡಿ. ಅವರು ರೊಟ್ಟಿ ತಿರುವುತ್ತಾನೇ ಹೇಳ್ತಾರೆ."

ಅವರು ಹೋದ ಮೇಲೆ ಅಬು ಸುಹಾ ಹೆಂಡತಿಯನ್ನು ದಿಟ್ಟಿಸಿದ. ತಡವಾಗಿ, ಬಹಳ ತಡವಾಗಿ, ಅವನಿಗೆ ಒಂದು ಅನುಮಾನ ಹುಟ್ಟಿತು.

"ನಿನಗೆ ಗೊತ್ತಿತ್ತಾ? ನನ್ನ ಹೊಳ್ಳೆ ವಿಷಯ?"

"ಮದುವೆಯಾದ ವಾರದಿಂದ."

"ಇಷ್ಟು ವರ್ಷ ನನಗೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅದನ್ನ ಸರಿ ಮಾಡ್ಕೊಂಡುಬಿಡ್ತಿದ್ದೆ," ಎಂದಳು ಉಮ್ ಸುಹಾ. "ಆಮೇಲೆ ನಾನು ಸಂಸಾರ ಮಾಡೋದು ಹೇಗೆ?"

ಓದಿ ನಗುತ್ತಿರುವವರೇ, ನಿಮ್ಮ ಮನೆಯಲ್ಲೂ ನಿಮ್ಮ ಮುಖವನ್ನು ಓದಿ ಮುಗಿಸಿ ಬಾಯಿ ಮುಚ್ಚಿಕೊಂಡು ಕೂತವರು ಒಬ್ಬರಿದ್ದಾರೆ. ಕಣ್ಣಿಗೆ ಏನು ಕಟ್ಟಿಕೊಂಡಿದ್ದೀರೋ ಅದನ್ನು ಕಳಚಿ ಕೆಳಗಿಡಿ. ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಅವರ ಎದುರು ಕೂತು, ನಿಮ್ಮ ಮುಖದಲ್ಲಿ ಯಾವುದು ಅಲುಗುತ್ತದೆ ಎಂದು ಇವತ್ತೇ ಕೇಳಿ. ಉತ್ತರ ಸಿಗುವವರೆಗೆ ಧರಣಿ ಬಿಡಬೇಡಿ.