ಮೂರನೆಯವನ ಗುರುತು

ಒನ್ಸೊಂಗೊ ಬಾಯಿ ಮುಚ್ಚಿಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನೈರೋಬಿಯ ಆ ಕಚೇರಿಯಲ್ಲಿ ದಿನವಿಡೀ ಬೀದಿಯ ಚಿತ್ರಗಳಿಗೆ ಗುರುತು ಹಾಕುವುದೇ ಕೆಲಸ: ಇದು ಮನುಷ್ಯ, ಇದು ಕತ್ತೆ, ಇದು ಮಟಾಟು ವ್ಯಾನು. ಅದನ್ನು ನೋಡಿ ಯಾವುದೋ ದೇಶದಲ್ಲಿ ತಾನೇ ಓಡುವ ಕಾರು ಬುದ್ಧಿ ಕಲಿಯಬೇಕು. ಒಂದು ಚಿತ್ರಕ್ಕೆ ಮೂವರ ಗುರುತು, ಮೂವರದೂ ಬೇರೆಬೇರೆ, ದಿನಾ ಜಗಳ. ಹೋದ ತಿಂಗಳು ಇವನೇ ಉಪಾಯ ಹೇಳಿದ್ದ: ಮೊದಲಿಬ್ಬರ ಗುರುತನ್ನು ಮೂರನೆಯವನಿಗೆ ತೋರಿಸಿ, ಒಪ್ಪದಿದ್ದರೆ ಅವನ ಅಂಕ ಕತ್ತರಿಸಿ. ಜಗಳ ನಿಂತೇಹೋಯಿತು.

ಇವತ್ತು ಸಂಜೆ ಹೊಸ ಮೇಲ್ವಿಚಾರಕನ ಹೆಸರು ಹೇಳುತ್ತಾರೆ, ಅಂಕ ಇಳಿದವರನ್ನು ಮನೆಗೆ ಕಳಿಸುತ್ತಾರೆ. ಹೆಂಡತಿ ಕೆರುಬೊ ಆಗಲೇ "ನಮ್ಮವರು ಸಾಹೇಬರಾದರು" ಎಂದು ವಠಾರಕ್ಕೆಲ್ಲ ಸಾರಿಬಿಟ್ಟಿದ್ದಳು. ಆದರೆ ಬೆಳಿಗ್ಗೆ ಇವನು ಕತ್ತೆಯನ್ನು ಕತ್ತೆ ಎಂದುಬಿಟ್ಟಿದ್ದ. ಮೊದಲಿಬ್ಬರು ಕುದುರೆ ಎಂದಿದ್ದರು. ಇನ್ನೊಂದು ತಪ್ಪಾದರೆ ಮುಗಿಯಿತು.

ಮಧ್ಯಾಹ್ನ ತೆರೆಯ ಮೇಲೆ ಒಂದು ಚಿತ್ರ ಬಂತು. ಮಳೆ, ಬಸ್ ನಿಲ್ದಾಣ, ಮೂಲೆಯಲ್ಲಿ ಮುದುಡಿದ ಗೋಣಿಚೀಲ. ಇಬ್ಬರೂ "ಮೂಟೆ" ಎಂದು ಗುರುತಿಸಿದ್ದರು. ಚೀಲದ ಕೆಳಗೆ ಎರಡು ಹಳದಿ ಬೂಟು ಇಣುಕುತ್ತಿದ್ದವು. ಒನ್ಸೊಂಗೊ ಮೇಜಿನ ಕೆಳಗೆ ಬಗ್ಗಿ ತನ್ನ ಕಾಲು ನೋಡಿಕೊಂಡ. ಬೆಳಿಗ್ಗೆ ಕೆರುಬೊಳ ಬೂಟು ಮೆಟ್ಟಿ, ತಲೆಗೆ ಗೋಣಿ ಹೊದ್ದು ಬಂದವನು ಇವನೇ.

"ಇದು ನಾನು ಕಣೋ," ಎಂದ ಮೆಲ್ಲಗೆ.

ಪಕ್ಕದ ಒಗುಟು ಇಣುಕಿದ. "ಮೂಟೆ ಥರಾನೇ ಇದೀಯಲ್ಲಪ್ಪ. ಒತ್ತು, ಒತ್ತು."

"ಮನುಷ್ಯ ಅಂತ ಹಾಕಿದ್ರೆ ಅಂಕ ಹೋಗುತ್ತೆ."

"ಹಾಕ್ಬೇಡ ಮತ್ತೆ," ಎಂದಳು ಆಚೆ ಕೂತ ಮ್ವೆಂಡೆ. "ನಿಯಮ ಯಾರದು? ನಿಂದೇ ತಾನೆ? ಕಾರು ಬಂದು ಗುದ್ದೋದು ನಿನ್ನನ್ನಲ್ಲ ಬಿಡು."

ಒನ್ಸೊಂಗೊಗೆ ಅಳು ಬಂತು. ಕೆರುಬೊಳ ಮುಖ ನೆನೆದು "ಮೂಟೆ" ಒತ್ತಿದ.

ಸಂಜೆ ಮೇಲಧಿಕಾರಿ ಜೆರೋಟಿಚ್ ಕರೆದಳು. ಅವಳ ಮೇಜಿನ ಮೇಲೆ ಅದೇ ಚಿತ್ರ.

"ನಿನ್ನ ವಿಧಾನ ಬಂದ್ಮೇಲೆ ಯಾರೂ ಕಣ್ಣುಬಿಟ್ಟು ನೋಡ್ತಿಲ್ಲ ಅಂತ ಗಿರಾಕಿಗಳ ದೂರು. ಅದಕ್ಕೆ ಬೆಳಿಗ್ಗೆ ಬಸ್ಸಿಂದ ನಾನೇ ಈ ಫೋಟೋ ತೆಗೆದೆ. ಎರಡು ತಪ್ಪು ಗುರುತೂ ನಂದೇ. ಎಲ್ಲರಿಗೂ ಕಳಿಸಿದ್ದೆ."

"ಎಲ್ಲರೂ ಏನಂದ್ರು ಮೇಡಂ?"

"ಮೂಟೆ ಅಂತಾನೇ ಅಂದ್ರು. ಪಾಪ, ಅವರಿಗೆ ಗೊತ್ತಿರ್ಲಿಲ್ಲ, ಕ್ಷಮಿಸಿದೀನಿ. ನಿನಗೆ ಗೊತ್ತಿತ್ತಲ್ಲಪ್ಪ. ನಾಳೆಯಿಂದ ಬರಬೇಡ."

ಹೊರಗೆ ಇನ್ನೂ ಮಳೆ. ಒನ್ಸೊಂಗೊ ಗೋಣಿ ಹೊದ್ದು ಮಟಾಟು ಹತ್ತಿದ. ಕಂಡಕ್ಟರ್ ತಿರುಗಿಯೂ ನೋಡದೆ, "ಆ ಮೂಟೆ ಹಿಂದಕ್ಕೆ ಹಾಕ್ರೋ," ಎಂದ.

ಅವನು ತಕರಾರು ಮಾಡದೆ ಹಿಂದಕ್ಕೆ ಹೋಗಿ ಕೂತ.